ಯಾರಪ್ಪನ ಗಂಟು?

“ಮೂಗು ಗಟ್ಟಿಯಾಗಿ ಹಿಡ್ಕೋ. ಇನ್ನೂ ಗಟ್ಟಿ. ಹಾಂ, ಈಗ ಮಾತಾಡು,” ಎಂದ ಬ್ರೇಕ್.

ಪಿಟೀಲು ಎರಡು ಬೆರಳಲ್ಲಿ ಮೂಗು ಹಿಡಿದು, “ಯಾರಪ್ಪಾ ಫೋನಲ್ಲಿ? ನಾನು ಮುದುಕಿ ಮಾತಾಡ್ತಿದ್ದೀನಿ,” ಎಂದಳು.

“ಥೂ, ಯಾವ ಮುದುಕಿಯೂ ತನ್ನನ್ನ ಮುದುಕಿ ಅಂತ ಹೇಳ್ಕೊಳ್ಳಲ್ಲ ಕಣೇ,” ಎಂದಳು ಕನ್ನಡಕ. “ನಮ್ಮಜ್ಜಿ ಇನ್ನೂ ಪಕ್ಕದ್ಮನೆಯವರನ್ನೇ ಮುದುಕಿ ಅಂತಾರೆ.”

ಮೂವರೂ ಕೂತಿದ್ದು ಕನ್ನಡಕಳ ಮನೆಯ ಮಹಡಿ ಮೆಟ್ಟಿಲ ಮೇಲೆ. ಮಧ್ಯದಲ್ಲಿ ಅವಳ ಅಜ್ಜಿಯ ಮೊಬೈಲು. ಅಜ್ಜಿ ಒಳಗೆ ಮಧ್ಯಾಹ್ನದ ನಿದ್ದೆಯಲ್ಲಿದ್ದರು. ಗೊರಕೆ ನಿಂತರೆ ಮೊಬೈಲನ್ನು ವಾಪಸ್ ಇಡಬೇಕು ಎಂದು ಒಪ್ಪಂದವಾಗಿತ್ತು.

ಈ ಮೂವರಿಗೂ ಒಳ್ಳೆಯ ಹೆಸರುಗಳಿದ್ದವು. ಆದರೆ ಅವು ಹಾಜರಿ ಕೂಗುವಾಗ ಮಾತ್ರ ಬಳಕೆಗೆ ಬರುತ್ತಿದ್ದವು. ಕನ್ನಡಕ ಹಾಕುವವಳು ಕನ್ನಡಕ. ಸೈಕಲ್ಲಿಗೆ ಬ್ರೇಕ್ ಇಲ್ಲದವನು ಬ್ರೇಕ್. ಇನ್ನು ಮಾತು ಶುರು ಮಾಡಿದರೆ ನಿಲ್ಲಿಸದವಳಿಗೆ ಅವಳ ಅಪ್ಪನೇ, “ಶುರುವಾಯ್ತು ನೋಡು ಪಿಟೀಲು,” ಎಂದು ಹೇಳಿ ಹೇಳಿ ಹೆಸರು ಕಾಯಂ ಮಾಡಿದ್ದರು.

ಮೆಟ್ಟಿಲಿನಿಂದ ತಲೆ ಎತ್ತಿದರೆ ಮನೆಗಳ ಮೇಲೆ ಅದು ಕಾಣುತ್ತಿತ್ತು. ಕೆಂಪಗೆ, ಸೊಟ್ಟಗೆ, ಮೂರು ಮಹಡಿ ಎತ್ತರಕ್ಕೆ. ಮನುಷ್ಯ ಬಗ್ಗಿ ಒಳಗೆ ನಡೆಯುವಷ್ಟು ದಪ್ಪದ ಉಕ್ಕಿನ ಪೈಪು. ಅದನ್ನು ಯಾರೋ ಶೂ ಲೇಸಿನಂತೆ ಸುತ್ತಿ, ಎಳೆದು, ಗಂಟು ಹಾಕಿ, ಬಿಚ್ಚಲು ಬೇಜಾರಾಗಿ ಬಿಟ್ಟು ಹೋದಂತಿತ್ತು. ಕೆಳಗೆ ಬೋರ್ಡು: ‘ಗಂಟು. ಸಾರ್ವಜನಿಕ ಕಲಾಕೃತಿ.’ ನೋಡಿದವರು ಇನ್ನೇನೋ ಅಂದುಕೊಂಡಾರು ಎಂಬ ಹೆದರಿಕೆಯಿಂದಲೇ ಬೋರ್ಡು ಹಾಕಿರಬೇಕು.

ಅದು ನಿಂತಿದ್ದು ಮಕ್ಕಳು ಸೈಕಲ್ ಹೊಡೆಯುವ ಮೈದಾನದಲ್ಲಿ. ಒಂದು ಬೆಳಿಗ್ಗೆ ಲಾರಿಗಳು ಬಂದವು, ಕ್ರೇನ್ ಬಂತು, ಸುತ್ತಲೂ ತಗಡಿನ ಬೇಲಿ ಬಂತು. ಕೊನೆಗೆ ದೂರದ ಊರಿನಿಂದ ಕಲಾವಿದರು ಬಂದರು. ಬಹಳ ಹೊತ್ತು ತಲೆ ವಾಲಿಸಿ ನೋಡಿ, “ಸ್ವಲ್ಪ ಎಡಕ್ಕೆ,” ಎಂದರು. ಕ್ರೇನ್ ಸ್ವಲ್ಪ ಎಡಕ್ಕೆ ಸರಿಸಿತು. ಕಲಾವಿದರು ಹೊರಟುಹೋದರು.

ಅದಕ್ಕೆ ಆದ ಖರ್ಚು ಪೇಪರಿನಲ್ಲಿ ಬಂತು. ಸೊನ್ನೆಗಳನ್ನು ನೋಡಿ ಕನ್ನಡಕ ತನ್ನ ಕನ್ನಡಕ ಒರೆಸಿ ಮತ್ತೊಮ್ಮೆ ನೋಡಿದಳು. ಸೊನ್ನೆಗಳು ಕಡಿಮೆಯಾಗಲಿಲ್ಲ.

ಅಂದಿನಿಂದ ಊರಿಗೆ ಊರೇ ಕಲಾ ವಿಮರ್ಶಕರಿಂದ ತುಂಬಿಹೋಯಿತು.

“ನಂಗೆ ಹೇಳಿದ್ರೆ ಅರ್ಧ ದುಡ್ಡಿಗೆ ಇಸ್ತ್ರಿ ಮಾಡಿ ನೆಟ್ಟಗೆ ಮಾಡಿಕೊಡ್ತಿದ್ದೆ,” ಎಂದ ಮೈದಾನದ ಎದುರಿನ ಇಸ್ತ್ರಿ ಅಂಗಡಿಯ ಮಾಮ.

“ನಾನು ಹಿಂಗೆ ಪೈಪ್ ಹಾಕಿದ್ರೆ ಮನೆಯವರು ಒದ್ದು ಓಡಿಸ್ತಾರೆ. ಅವರಿಗೆ ಹಾರ ಹಾಕಿ ಕಳಿಸಿದ್ರು,” ಎಂದ ನಲ್ಲಿ ರಿಪೇರಿಯವ.

ಹೊಗಳಿದವರು ಒಬ್ಬರೇ, ಶಾಲೆಯ ಡ್ರಾಯಿಂಗ್ ಮಿಸ್. “ಮಕ್ಕಳೇ, ಇದು ಮನುಷ್ಯನ ಒಳಗಿನ ಗೊಂದಲವನ್ನು ತೋರಿಸುತ್ತೆ. ಸಾಮಾನ್ಯ ಜನಕ್ಕೆ ಅರ್ಥ ಆಗಲ್ಲ,” ಎಂದರು. ಬ್ರೇಕ್ ಎದ್ದು ನಿಂತು, “ಮಿಸ್, ಒಳಗಿನ ಗೊಂದಲ ಇರ್ಲಿ. ಹೊರಗೆ ಸೈಕಲ್ ಎಲ್ಲಿ ಹೊಡೆಯೋದು?” ಎಂದ. ಅವನನ್ನು ಹೊರಗೇ ಕಳಿಸಿದರು, ಯೋಚನೆ ಮಾಡಲು ಅನುಕೂಲವಾಗಲಿ ಎಂದು.

ಅವನು ಯೋಚನೆ ಮಾಡಿದ. ಬೇಲಿಯ ಮೇಲೆ ‘ದೂರುಗಳಿಗೆ ಕರೆ ಮಾಡಿ’ ಎಂದು ಬರೆದಿದ್ದ ನಂಬರನ್ನು ಅಂಗೈ ಮೇಲೆ ಬರೆದುಕೊಂಡು ಬಂದ. ಮಕ್ಕಳು ಕರೆ ಮಾಡಿದರೆ ಯಾರೂ ಕೇಳುವುದಿಲ್ಲ, ಅದಕ್ಕೇ ಅಜ್ಜಿಯ ದನಿ ಬೇಕಾಗಿತ್ತು. ಮಾತಿಗೆ ಪಿಟೀಲುವಿಗಿಂತ ಬೇರೆ ಯಾರು ಬೇಕು?

ಕನ್ನಡಕ ನಂಬರ್ ಒತ್ತಿ ಸ್ಪೀಕರ್ ಹಾಕಿದಳು. ಟ್ರಿಂಗ್, ಟ್ರಿಂಗ್.

“ನಮಸ್ಕಾರ, ನಗರಸಭೆ ದೂರು ವಿಭಾಗ. ಹೇಳಿ.”

ಪಿಟೀಲುವಿನ ಕೈ ಮೂಗಿನಿಂದ ಜಾರಿತು.

ಅದು ಅವಳ ಅಮ್ಮನ ದನಿ.

ಅಮ್ಮನ ಕೆಲಸ ನಗರಸಭೆಯಲ್ಲೇ, ನಿಜ. ಆದರೆ ಅದು ತೆರಿಗೆ ವಿಭಾಗದಲ್ಲಿ, ಫೈಲು ನೋಡುವ ಕೆಲಸ. ಈ ಫೋನಿನ ಹತ್ತಿರ ಅಮ್ಮ ಯಾಕೆ ಬಂದಳು? ಆಗ ಪಿಟೀಲುವಿಗೆ ಈಚಿನ ಸಂಜೆಗಳೆಲ್ಲ ನೆನಪಾದವು. ಅಮ್ಮ ಬಂದವಳೇ ಕುರ್ಚಿಗೆ ಒರಗುತ್ತಿದ್ದಳು. ಪಿಟೀಲು ದಿನವಿಡೀ ಕೂಡಿಟ್ಟ ಸುದ್ದಿ ಬಿಚ್ಚುವಷ್ಟರಲ್ಲಿ, “ಸ್ವಲ್ಪ ಹೊತ್ತು ಸುಮ್ನಿರು ಪುಟ್ಟಿ, ಕಿವಿ ಸಾಕಾಗಿದೆ,” ಎನ್ನುತ್ತಿದ್ದಳು. ಫೈಲುಗಳು ಅಷ್ಟೊಂದು ಗಲಾಟೆ ಮಾಡುತ್ತವಾ ಎಂದು ಪಿಟೀಲು ಸಿಟ್ಟು ಮಾಡಿಕೊಂಡಿದ್ದಳು.

“ಹಲೋ? ಹೇಳಿ,” ಎಂದಿತು ಫೋನು.

ಬ್ರೇಕ್ ಮೊಣಕೈಯಲ್ಲಿ ತಿವಿದ. ಪಿಟೀಲು ಗಡಿಬಿಡಿಯಲ್ಲಿ ಮೂಗು ಹಿಡಿದಳು. “ನೋಡಮ್ಮಾ... ಆ ಗಂಟು ಇದೆಯಲ್ಲಾ... ಅದೇ, ಗಂಟು...”

“ಹೇಳಿ ಅಮ್ಮ.”

ತನ್ನ ಅಮ್ಮನೇ ತನ್ನನ್ನು ಅಮ್ಮ ಎಂದು ಕರೆದದ್ದು ಕೇಳಿ ಪಿಟೀಲುವಿನ ಉಳಿದ ಮಾತೂ ಹೋಯಿತು. 

ಬ್ರೇಕ್ ಫೋನ್ ಕಿತ್ತುಕೊಂಡ. ದಪ್ಪ ದನಿ ಮಾಡಿ, “ಏನ್ರೀ, ಯಾರಪ್ಪನ ಗಂಟು ಅಂತ ಅದನ್ನ ನಿಲ್ಸಿದ್ದೀರಿ? ಸಂಬಳ ತಗೊಂಡು ನಿದ್ದೆ ಹೊಡೀತೀರಾ? ನಾಚಿಕೆ ಆಗಲ್ವಾ ನಿಮಗೆ?” ಎಂದು ಗದರಿದ. ಇಸ್ತ್ರಿ ಅಂಗಡಿಯ ಮುಂದೆ ದೊಡ್ಡವರು ಹೇಳುವುದನ್ನು ಅವನು ಒಂದಕ್ಷರ ಬಿಡದೆ ಕಲಿತಿದ್ದ. ಪಾಠ ಹೀಗೆ ಕಲಿತಿದ್ದರೆ ಕ್ಲಾಸಿಗೆ ಮೊದಲು ಬರುತ್ತಿದ್ದ.

“ಬರ್ಕೋತಿದ್ದೀನಿ ಸರ್. ನಿಮ್ಮ ದೂರು...” ಎನ್ನುವಾಗ ಆ ಕಡೆ ಕೆಮ್ಮು ಬಂತು. ಒಣ ಕೆಮ್ಮು. ತಡೆದಷ್ಟೂ ಜಾಸ್ತಿಯಾಯಿತು. “ಕ್ಷಮಿಸಿ ಸರ್, ಒಂದ್ನಿಮಿಷ...”

ಬ್ರೇಕ್ ಗೆದ್ದವನಂತೆ ಫೋನ್ ಕಟ್ ಮಾಡಲು ಬೆರಳು ಎತ್ತಿದ. ಪಿಟೀಲು ಅವನ ಕೈಯಿಂದ ಅದನ್ನು ಕಸಿದುಕೊಂಡಳು. ಮೂಗು ಹಿಡಿದಳು.

“ಏನಮ್ಮಾ ಇಷ್ಟು ಕೆಮ್ಮು? ನೀರಾದ್ರೂ ಕುಡಿಯಮ್ಮಾ.”

ಆ ಕಡೆ ಕೆಮ್ಮು ತಗ್ಗಿತು. ಆಮೇಲೆ, “ಕುಡೀತೀನಿ ಅಮ್ಮ. ಈ ಕಾಲ್ ಮುಗೀಲಿ, ಈ ಕಾಲ್ ಮುಗೀಲಿ ಅಂತ ಆಗ್ಲೇ ಇಲ್ಲ,” ಎಂದಿತು ದನಿ.

“ಈಗ್ಲೇ ಕುಡಿ. ನಾನು ಕಾಯ್ತೀನಿ.”

ಕುರ್ಚಿ ಸರಿದ ಸದ್ದು. ಬಾಟಲಿಯ ಮುಚ್ಚಳದ ಸದ್ದು.

“ಏನೇ ಇದು? ನೀರು ಕುಡಿಸೋಕೆ ಫೋನ್ ಮಾಡಿದ್ವಾ?” ಬ್ರೇಕ್ ಪಿಸುಗುಟ್ಟಿದ.

“ಬಾಯ್ಮುಚ್ಚು,” ಎಂದಳು ಪಿಟೀಲು, ಸ್ವಂತ ದನಿಯಲ್ಲಿ.

“ಈಗ ಹೇಳಿ ಅಮ್ಮ, ನಿಮ್ಮ ದೂರು ಏನು?” ಅಮ್ಮ ವಾಪಸ್ ಬಂದಿದ್ದಳು.

“ಅದೇ... ಮಕ್ಕಳ ಮೈದಾನಕ್ಕೆ ಬೇಲಿ ಹಾಕಿದ್ದೀರಲ್ಲಾ, ಪಾಪ, ಸೈಕಲ್ ಎಲ್ಲಿ ಹೊಡೀಬೇಕು ಅವು?”

“ಬೇಲಿ ಉದ್ಘಾಟನೆ ತನಕ ಅಷ್ಟೇ ಅಮ್ಮ. ಭಾನುವಾರ ತೆಗೀತಾರೆ. ಆಮೇಲೆ ಮಕ್ಕಳು ಅದರ ಸುತ್ತ, ಅದರ ಕೆಳಗೆ, ಎಲ್ಲಿ ಬೇಕಾದ್ರೂ ಹೊಡೀಬಹುದು.” ಅಮ್ಮ ಮುಂದುವರಿಸಿದಳು, “ದಿನಾ ಇದನ್ನ ಹೇಳೋಣ ಅಂತ ಕಾಯ್ತೀನಿ. ನಾನು ಬಾಯಿ ತೆರೆಯೋಷ್ಟರಲ್ಲಿ ಎಲ್ರೂ ಫೋನ್ ಇಟ್ಟುಬಿಡ್ತಾರೆ.”

ಒಳಗೆ ಗೊರಕೆ ನಿಂತಿತು. ಕನ್ನಡಕ ಫೋನ್ ಕಟ್ ಮಾಡಿ ಓಡಿದಳು.

“ಆ ಆಂಟಿ ದನಿ ಎಲ್ಲೋ ಕೇಳಿದ ಹಾಗಿದೆಯಲ್ಲಾ,” ಎಂದ ಬ್ರೇಕ್.

ಪಿಟೀಲು ಚಪ್ಪಲಿ ಹಾಕಿಕೊಂಡು ಮೆಟ್ಟಿಲಿಳಿದುಬಿಟ್ಟಳು.

ಸಂಜೆ ಅಮ್ಮ ಬಂದಾಗ ಪಿಟೀಲು ಹೋಂವರ್ಕ್ ಮಾಡುತ್ತಿದ್ದಳು. ಇದೇ ಅನುಮಾನಕ್ಕೆ ಸಾಕಾಗಿತ್ತು. ಅಪ್ಪ ಬಸ್ ಕಂಡಕ್ಟರ್, ಅವತ್ತು ಎರಡನೇ ಶಿಫ್ಟು. ಮನೆಯಲ್ಲಿ ಇಬ್ಬರೇ. ಅಮ್ಮ ಬ್ಯಾಗು ಮೊಳೆಗೆ ಹಾಕಿ, ಕುರ್ಚಿಗೆ ಒರಗಿ, ಕಣ್ಣು ಮುಚ್ಚಿದಳು. ಬೈಗುಳ ಬರಲಿಲ್ಲ. ಬರದಿದ್ದದ್ದು ಇನ್ನೂ ಕಷ್ಟವಾಯಿತು.

“ಅಮ್ಮಾ, ನಿಂಗೆ ಈಗ ಯಾವ ಸೆಕ್ಷನ್?”

ಅಮ್ಮ ಒಂದು ಕಣ್ಣು ತೆರೆದಳು. “ದೂರು. ಅಲ್ಲಿದ್ದವರು ಗಂಟು ನಿಂತ ಮಾರನೇ ದಿನ ಕಿವಿನೋವು ಅಂತ ರಜಾ ಹಾಕಿದ್ರು. ಕಿವಿ ಇನ್ನೂ ವಾಸಿಯಾಗಿಲ್ಲ. ಗಂಟು ಹೋಗೋ ತನಕ ವಾಸಿಯಾಗೋ ಹಾಗೆ ಕಾಣಲ್ಲ.”

“ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀನೂ ಮೈದಾನದ್ದು ಒಂದು ದೂರು ಕೊಡ್ತಿದ್ದೆ. ಮನೇಲಾದ್ರೂ ಗಂಟು ಬೇಡ ಅಂತ.”

ಪಿಟೀಲು ಪೆನ್ಸಿಲ್ ಕಚ್ಚಿದಳು. ಅವಳ ಬಳಿ ಹೇಳಲು ಎಷ್ಟೋ ಇತ್ತು. ಅದನ್ನೆಲ್ಲ ಬಿಟ್ಟು, “ಇವತ್ತು ಯಾರ್ಯಾರು ಬೈದ್ರು ಹೇಳು,” ಎಂದಳು.

ಅಮ್ಮ ಎರಡನೇ ಕಣ್ಣನ್ನೂ ತೆರೆದು ಮಗಳನ್ನು ನೋಡಿದಳು. ನಿಜವಾಗಿ ಕೇಳುತ್ತಿದ್ದಾಳೋ ಎಂದು ನೋಡಿದ ಹಾಗಿತ್ತು. ಆಮೇಲೆ ಕಾಲು ಮಡಿಸಿ ಕುರ್ಚಿಯ ಮೇಲೆ ಕೂತಳು.

“ಒಬ್ಬರು ಮೇಷ್ಟ್ರು. ಗಂಟಿನ ನೆರಳು ಅವರ ತಾರಸಿ ಮೇಲೆ ಬೀಳುತ್ತಂತೆ, ಬಟ್ಟೆ ಒಣಗಲ್ವಂತೆ. ನೆರಳಿಗೆ ಬಾಡಿಗೆ ಕೊಡಿ ಅಂತಾರೆ. ಇನ್ನೊಬ್ಬರು ಮೇಡಂ, ‘ನಮ್ಮನೆ ಕರ್ಟನ್ ನೀಲಿ ಕಣ್ರೀ, ಕಿಟಕಿಯಾಚೆ ಕೆಂಪು ಮ್ಯಾಚೇ ಆಗಲ್ಲ!’ ಮತ್ತೊಬ್ಬ ಗ್ಯಾಸ್ ಸಿಲಿಂಡರ್ ಬುಕ್ ಮಾಡೋಕೆ ಹೋಗಿ ರಾಂಗ್ ನಂಬರ್ ಒತ್ತಿದ್ದ. ‘ನಗರಸಭೇನಾ? ಒಳ್ಳೇದಾಯ್ತು ಬಿಡಿ,’ ಅಂತ ಗಂಟಿನ ಬಗ್ಗೆ ಬೈದು ಇಟ್ಟ.”

ಅಮ್ಮನಿಗೆ ಇಷ್ಟು ಚೆನ್ನಾಗಿ ದನಿ ಬದಲಿಸಲು ಬರುತ್ತದೆ ಎಂದು ಪಿಟೀಲುವಿಗೆ ಗೊತ್ತಿರಲಿಲ್ಲ. ಮೇಷ್ಟ್ರು ಮೇಷ್ಟ್ರ ಹಾಗೆ, ಮೇಡಂ ಮೇಡಂ ಹಾಗೆ. ನಕ್ಕು ನಕ್ಕು ಅವಳಿಗೆ ಬಿಕ್ಕಳಿಕೆ ಬಂತು. ಅಮ್ಮನೂ ನಕ್ಕಳು.

“ನಿಂಗೆ ಗಂಟು ಇಷ್ಟಾನಾ ಅಮ್ಮ?”

“ನಂಗಾ? ನನ್ನ ಯಾರು ಕೇಳಿದ್ರು? ನಿಲ್ಸೋವಾಗ್ಲೂ ಕೇಳ್ಲಿಲ್ಲ, ಬೈಯೋವಾಗ್ಲೂ ಕೇಳ್ಲಿಲ್ಲ.” ಅಮ್ಮ ಕಿಟಕಿಯ ಕಡೆ ನೋಡಿದಳು. “ಸಂಜೆ ಬಿಸಿಲು ಬಿದ್ದಾಗ ಪರವಾಗಿಲ್ಲ. ಆದ್ರೆ ಆ ದುಡ್ಡಲ್ಲಿ ಎಷ್ಟು ರಸ್ತೆಗುಂಡಿ ಮುಚ್ಚಬಹುದಿತ್ತು, ಅದೂ ನಿಜ.”

ಆಮೇಲೆ ಅಮ್ಮ ಎರಡು ಬೆರಳಲ್ಲಿ ಮೂಗು ಹಿಡಿದಳು. “ಕೊನೆಗೆ ಒಬ್ಬರು ಅಜ್ಜಿ ಮಾಡಿದ್ರು. ‘ನೀರಾದ್ರೂ ಕುಡಿಯಮ್ಮಾ.’”

ಅದೇ ದನಿ. ಅದೇ ರಾಗ. ಪಿಟೀಲುವಿನ ಕಿವಿ ಬಿಸಿಯಾಯಿತು. ಬಿಕ್ಕಳಿಕೆ ತಟ್ಟನೆ ನಿಂತಿತು.

“ಆಮೇಲೆ?” ಎಂದಳು, ಪುಸ್ತಕದಿಂದ ತಲೆ ಎತ್ತದೆ.

“ಆಮೇಲೇನು, ಕುಡಿದೆ. ಒಳ್ಳೇ ಅಜ್ಜಿ. ಅವರ ಮೊಮ್ಮಗನಿಗೆ ಮಾತ್ರ ಸ್ವಲ್ಪ ಬುದ್ಧಿ ಹೇಳ್ಬೇಕು.” ಅಮ್ಮ ಎದ್ದು ಕುಕ್ಕರ್ ಇಡಲು ಅಡುಗೆಮನೆಗೆ ಹೋದಳು.

ಭಾನುವಾರ ಉದ್ಘಾಟನೆಯಾಯಿತು. “ಈ ಗಂಟು ನಮ್ಮೆಲ್ಲರನ್ನೂ ಬೆಸೆಯುತ್ತದೆ,” ಎಂದು ನಗರಸಭೆ ಅಧ್ಯಕ್ಷರು ಬಹಳ ಹೊತ್ತು ಬೆಸೆದರು. ಕತ್ತರಿ ಮೊಂಡಾಗಿದ್ದರಿಂದ ರಿಬ್ಬನ್ ತುಂಡಾಗದೆ, ಕೊನೆಗೆ ಅದನ್ನು ಕೈಯಲ್ಲಿ ಬಿಚ್ಚಬೇಕಾಯಿತು. ಮಧ್ಯಾಹ್ನ ಬೇಲಿ ತೆಗೆದರು. ಸಂಜೆಯೊಳಗೆ ಬ್ರೇಕ್ ಗಂಟಿನ ಕೆಳಗಿಂದ ಸೈಕಲ್ ನುಗ್ಗಿಸಿ, ಎಂದಿನಂತೆ ಕಾಲು ನೆಲಕ್ಕೆ ಉಜ್ಜಿ ನಿಲ್ಲಿಸಿದ. ಚಪ್ಪಲಿಯ ಹಿಮ್ಮಡಿ ಹೋಯಿತು. “ಸೂಪರ್ ಜಾಗ ಕಣ್ರೋ!” ಎಂದ.

ಒಂದೆರಡು ವಾರದಲ್ಲಿ ಊರಿನ ವಿಮರ್ಶಕರಿಗೆಲ್ಲ ಏನೋ ಆಗಿಹೋಯಿತು. ನಲ್ಲಿ ರಿಪೇರಿಯವ ಗಂಟಿನ ಮುಂದೆ ಕೈ ಕಟ್ಟಿ ನಿಂತು, ತಾನೇ ಹಾಕಿದವನಂತೆ ಫೋಟೋ ತೆಗೆಸಿಕೊಂಡ. ಪಿಟೀಲುವಿನ ಅಪ್ಪನ ಬಸ್ಸಿನಲ್ಲಿ ಜನ ಮೈದಾನದ ಸ್ಟಾಪಿಗೆ “ಎರಡು ಗಂಟು ಕೊಡಿ” ಎಂದು ಟಿಕೆಟ್ ಕೇಳತೊಡಗಿದರು. ಇಸ್ತ್ರಿ ಮಾಮ ‘ಗಂಟು ಇಸ್ತ್ರಿ ಅಂಗಡಿ’ ಎಂದು ಹೊಸ ಬೋರ್ಡು ಬರೆಸಿದ. ಡ್ರಾಯಿಂಗ್ ಮಿಸ್ಸಿಗೆ ಮಾತ್ರ ಬೇಜಾರಾಯಿತು. ಎಲ್ಲರೂ ಇಷ್ಟಪಡುತ್ತಿದ್ದಾರೆಂದರೆ ಅದರಲ್ಲೇನೋ ಕೊರತೆ ಇರಬೇಕು ಎಂದು ಅವರು ಸ್ಟಾಫ್ ರೂಮಿನಲ್ಲಿ ಹೇಳಿದರಂತೆ.

ಒಂದು ದಿನ ಶಾಲೆ ಬಿಟ್ಟ ಮೇಲೆ ಪಿಟೀಲು ಸೈಕಲ್ ತಳ್ಳಿಕೊಂಡು ಬರುತ್ತಿದ್ದಾಗ ಇಸ್ತ್ರಿ ಮಾಮ ಅಂಗಡಿಯ ಮುಂದೆ ನಿಂತು ಫೋನಿನಲ್ಲಿ ಕೂಗುತ್ತಿದ್ದ.

“ಏನ್ರೀ, ನಮ್ಮ ಗಂಟಿಗೆ ಲೈಟ್ ಯಾಕೆ ಹಾಕಿಲ್ಲ? ಕತ್ತಲಾದ್ರೆ ಗಿರಾಕಿಗಳಿಗೆ ಕಾಣೋದು ಬೇಡ್ವಾ? ಸಂಬಳ ತಗೊಂಡು ನಿದ್ದೆ ಹೊಡೀತೀರಾ?”

ಪಿಟೀಲು ನಿಂತಳು.

ಮಾಮ ಫೋನನ್ನು ಕಿವಿಯಿಂದ ತೆಗೆದು ಕಟ್ ಮಾಡಲು ಹೊರಟ.

“ಮಾಮ, ಇಡ್ಬೇಡಿ!” ಎಂದಳು ಪಿಟೀಲು. “ಉತ್ತರ ಹೇಳ್ತಿರ್ತಾರೆ.”

“ಏನು?”

“ಅವರು ಉತ್ತರ ಹೇಳ್ತಿರ್ತಾರೆ. ಕೇಳಿ.”

ಮಾಮ ಅವಳನ್ನೂ ಫೋನನ್ನೂ ಅನುಮಾನದಿಂದ ನೋಡಿದ. ಆಮೇಲೆ ನಿಧಾನಕ್ಕೆ ಫೋನನ್ನು ಮತ್ತೆ ಕಿವಿಗೆ ಇಟ್ಟ. “ಹಾಂ... ಹೌದಾ?... ಕಂಬ ಬಂದಿದೆಯಾ?... ಓ, ವೈರಿಂಗ್ ಬಾಕಿನಾ...”

“ಲೇ ಪಿಟೀಲು, ಬಾರೇ!” ಮೈದಾನದಿಂದ ಬ್ರೇಕ್ ಕೂಗಿದ. ಅವಳು ಒಂದು ಕೈ ಎತ್ತಿ, ಇರು ಎಂದು ಸನ್ನೆ ಮಾಡಿದಳು.

ಮಾಮ ಈಗ ಸುಮ್ಮನೆ ತಲೆಯಾಡಿಸುತ್ತಿದ್ದ. ಆ ಕಡೆಯಿಂದ ಅಮ್ಮ ಹೇಳುತ್ತಿದ್ದ ಒಂದು ಮಾತೂ ಪಿಟೀಲುವಿಗೆ ಕೇಳಿಸುತ್ತಿರಲಿಲ್ಲ. ಆದರೂ ಅವಳು ಸೈಕಲ್ ಹಿಡಿದು ಅಲ್ಲೇ ನಿಂತು, ಪೂರ್ತಿ ಮುಗಿಯುವ ತನಕ ಕೇಳಿಸಿಕೊಂಡಳು.