ಮನೆಯವರ ತಿದ್ದುಪಡಿ

"ನಿಮ್ಮ ಅಂಗಡಿಗೆ ಒಂದು ವೆಬ್‌ಸೈಟ್ ಮಾಡಿಕೊಡ್ಲಾ?"

ಅಂಟಿನ ಬ್ರಷ್ಷನ್ನು ಹಾಗೇ ಹಿಡಿದುಕೊಂಡು ಪುಸ್ತಕದ ಬೈಂಡರ್ ತಲೆಯೆತ್ತಿದ. ಬಾಗಿಲಲ್ಲಿ ಲ್ಯಾಪ್‌ಟಾಪ್ ಚೀಲವನ್ನು ಎದೆಗೆ ಅವುಚಿಕೊಂಡು ಒಬ್ಬಳು ನಿಂತಿದ್ದಳು. ಧೈರ್ಯ ಕರಗುವ ಮೊದಲೇ ಓಡಿ ಬಂದವಳ ಹಾಗೆ ಏದುಸಿರು.

"ನಂಗ್ಯಾಕೆ ವೆಬ್‌ಸೈಟ್?"

"ನಿಮಗೆ ಬೇಡದೆ ಇರಬಹುದು. ನಂಗೆ ಬೇಕು," ಅಂದವಳೇ ನಾಲಿಗೆ ಕಚ್ಚಿಕೊಂಡಳು.

ಅವನು ನಕ್ಕುಬಿಟ್ಟ. ಹರಿದ ನಿಘಂಟೊಂದನ್ನು ಸ್ಟೂಲಿನ ಮೇಲಿಂದ ಎತ್ತಿಟ್ಟು, "ಕೂತ್ಕೊಳ್ಳಿ," ಅಂದ.

ಒಂಬತ್ತು ವರ್ಷ ಟ್ರಾವೆಲ್ ಆಫೀಸೊಂದರ ರಿಸೆಪ್ಶನ್ನಿನಲ್ಲಿ ಕೂತಿದ್ದವಳು ಅವಳು. ಆಫೀಸು ಮುಚ್ಚಿದ ಮೇಲೆ, ಮೂವತ್ತಮೂರನೇ ವಯಸ್ಸಿನಲ್ಲಿ, ಅಣ್ಣನ ಮನೆಯ ಊಟದ ಟೇಬಲ್ಲಿನ ಮೂಲೆ ಹಿಡಿದು ವೆಬ್ ಡಿಸೈನ್ ಕಲಿಯತೊಡಗಿದ್ದಳು. "ಇನ್ನೆಷ್ಟು ದಿನಾನಮ್ಮಾ ಈ ಚಿತ್ರ ಬಿಡಿಸೋದು?" ಎಂದು ಅಣ್ಣ ತಮಾಷೆಗೇ ಕೇಳುತ್ತಿದ್ದ. ಆ ತಮಾಷೆ ದಿನದಿಂದ ದಿನಕ್ಕೆ ತೆಳ್ಳಗಾಗುತ್ತಿತ್ತು. ನೌಕರಿ ಕೇಳುವಾಗ ತೋರಿಸಬೇಕಾದ ಪೋರ್ಟ್‌ಫೋಲಿಯೋದಲ್ಲಿ ಇದ್ದದ್ದು ಎರಡು ಕೆಲಸ: ಎಲ್ಲೂ ಇಲ್ಲದ ಒಂದು ಹೋಟೆಲಿನ ಸೈಟು, ಎಲ್ಲೂ ಇಲ್ಲದ ಒಂದು ಹೂವಿನಂಗಡಿಯದು. "ಒಂದಾದರೂ ನಿಜವಾದ ಅಂಗಡಿಯದು ಇರಲಿ," ಎಂದಿದ್ದರು ಕ್ಲಾಸಿನ ಮೇಡಂ.

ಎರಡು ದಿನ ಬಿಟ್ಟು ಮೊದಲ ಪುಟ ತೋರಿಸಿದಳು, ಅಂಚಿನಿಂದ ಅಂಚಿಗೆ ಅಕ್ಷರ ತುಂಬಿದ್ದು. ಬೈಂಡರ್ ಕತ್ತು ಈ ಕಡೆ ವಾಲಿಸಿದ, ಆ ಕಡೆ ವಾಲಿಸಿದ.

"ಏನು? ಹೇಳಿ, ಪರವಾಗಿಲ್ಲ."

ಅವನು ಆಗಷ್ಟೇ ಹೊಲಿದಿದ್ದ ಒಂದು ಪುಸ್ತಕವನ್ನು ತೆರೆದು ಅವಳ ಕೈಗಿಟ್ಟ. "ಸುತ್ತ ಖಾಲಿ ಬಿಟ್ಟಿದಾರಲ್ಲ, ಯಾಕೆ?"

"ಚೆಂದಕ್ಕೆ."

"ಹೆಬ್ಬೆರಳಿಗೆ. ಹಿಡ್ಕೊಳ್ಳೋಕೆ ಜಾಗ ಬೇಡ್ವಾ?"

ನೋಡಿದಳು. ಅವಳ ಹೆಬ್ಬೆರಳು ಬಿಳಿ ಅಂಚಿನಲ್ಲಿ ಆರಾಮಾಗಿ ಕೂತಿತ್ತು, ಒಂದಕ್ಷರವನ್ನೂ ಮುಚ್ಚದೆ. ಮೇಡಂ ಮೂರು ವಾರ ಸ್ಲೈಡ್ ಹಾಕಿ ಹೇಳಿದ್ದು ಈಗ ತಲೆಗೆ ಇಳಿಯಿತು. ಪುಸ್ತಕ ವಾಪಸ್ ಕೊಡುವಾಗ ಬೆರಳಿಗೆ ಬೆರಳು ತಾಗಿ, ಇನ್ನೇನೋ ಎದೆಗೂ ಇಳಿಯಿತು.

ಮುಂದಿನ ಸಲ ಪುಟ ಹಗುರವಾಗಿತ್ತು. ಅವನು ತುಂಬ ಹೊತ್ತು ನೋಡಿದ. ಪುಟವನ್ನಲ್ಲ, ಪುಟ ತೋರಿಸುತ್ತಿದ್ದವಳನ್ನು. ಅವಳು ತಿರುಗಿದಾಗ ಗಡಿಬಿಡಿಯಲ್ಲಿ ಅಂಟಿನ ಡಬ್ಬಿಯೊಳಗೆ ಇಣುಕಿದ.

"ನಂಗೇನೋ ಹಿಡಿಸ್ತು," ಅಂದ. "ಮನೆಯವರಿಗೂ ಒಂದ್ಸಲ ತೋರಿಸಿಬಿಡ್ತೀನಿ. ಅವರು ಒಪ್ಪದೆ ನಂದೇನೂ ನಡೆಯಲ್ಲ."

ಮನೆಯವರು.

ಹೌದಲ್ಲ, ಇರಲೇಬೇಕಲ್ಲ ಅಂದುಕೊಂಡಳು. ಖಾಲಿ ಬೆರಳು ನೋಡಿ ತಾನೇ ಏನೇನೋ ಕಟ್ಟಿಕೊಂಡಿದ್ದಾಯಿತು. ದಿನವಿಡೀ ಅಂಟಿನಲ್ಲಿ ಕೈಯಾಡಿಸುವವರು ಉಂಗುರ ಎಲ್ಲಿ ಹಾಕುತ್ತಾರೆ? "ಖಂಡಿತ ತೋರಿಸಿ," ಎಂದು ನಕ್ಕು ಎದ್ದಳು. ಆ ನಗು ಬಸ್‌ಸ್ಟಾಪಿನವರೆಗೂ ಬಾಳಲಿಲ್ಲ.

ಆಮೇಲೆ ಅಂಗಡಿಗೆ ಹೋಗುವುದನ್ನೇ ಬಿಟ್ಟಳು. ಎಲ್ಲ ಫೋನಿನಲ್ಲೇ. ದಿನಕ್ಕೊಂದು ಮೆಸೇಜು ಬರತೊಡಗಿತು. "ಬೂದು ಬಣ್ಣದ ಅಕ್ಷರ ಕಾಣಲ್ಲವಂತೆ." "ಬಟನ್ ಚಿಕ್ಕದಂತೆ, ಒತ್ತಿದರೆ ಪಕ್ಕದ್ದು ತೆರೆಯುತ್ತಂತೆ." "ಅಂಗಡಿ ಎಷ್ಟು ಗಂಟೆಗೆ ತೆಗೆಯುತ್ತೆ ಅಂತ ಹುಡುಕಬೇಕಂತೆ." ಹೊಟ್ಟೆ ಉರಿದುಕೊಳ್ಳೋಣ ಅಂದರೆ ಆ ಹೆಂಗಸು ಹೇಳಿದ್ದೆಲ್ಲ ಸರಿಯಾಗಿರುತ್ತಿತ್ತು. ಅವಳು ಹಲ್ಲು ಕಚ್ಚಿ ತಿದ್ದಿದಳು. ಅಕ್ಷರ ಕಪ್ಪಾಯಿತು, ಬಟನ್ ದೊಡ್ಡದಾಯಿತು, ಪುಟ ದಿನೇ ದಿನೇ ಚೆಂದವಾಯಿತು.

"ಈ ಕಡೆ ಬರಲೇ ಇಲ್ವಲ್ಲ?" ಎಂದೂ ಒಂದು ಮೆಸೇಜು ಬಂತು.

"ಕೆಲಸ ಇದೆ," ಎಂದು ಬರೆದಳು.

ಸಣ್ಣ ಡಿಸೈನ್ ಆಫೀಸೊಂದಕ್ಕೆ ಶನಿವಾರದೊಳಗೆ ಪೋರ್ಟ್‌ಫೋಲಿಯೋ ಕಳಿಸಬೇಕಿತ್ತು. ಅಂಗಡಿಯ ಒಂದು ಒಳ್ಳೆಯ ಫೋಟೋ ಮಾತ್ರ ಬಾಕಿ. ಶುಕ್ರವಾರ ಮಧ್ಯಾಹ್ನ ಮನಸ್ಸು ಗಟ್ಟಿ ಮಾಡಿಕೊಂಡು ಹೋದಳು.

ಸ್ಟೂಲಿನ ಮೇಲೆ ನರೆಗೂದಲಿನ ಹೆಂಗಸೊಬ್ಬರು ಕೂತಿದ್ದರು. ದಪ್ಪ ಕನ್ನಡಕ, ಫೋನು ಮೂಗಿಗೆ ತಾಗುವಷ್ಟು ಹತ್ತಿರ.

"ನೀನೇನಾ ಆ ಬೂದು ಅಕ್ಷರದವಳು?"

"ಹೂಂ... ನೀವು?"

"ಇವನ ಅಕ್ಕ. ಮನೇಲಿರೋದು ನಾವಿಬ್ಬರೇ. ನಾನು ನೋಡದೆ ಇವನು ಒಂದು ಅಂಗಿ ಕೂಡ ತಗೊಳ್ಳಲ್ಲ."

ಅವಳು ಸಿಕ್ಕಿದ್ದರ ಮೇಲೆ ಕುಸಿದು ಕೂತಳು.

"ಅಯ್ಯೋ, ಅದು ನಾಳೆ ಕೊಡಬೇಕಾಗಿರೋ ಕೆಲಸ!" ಬೈಂಡರ್ ಕೂಗಿಕೊಂಡ.

ಹೊಲಿಯದ ಹಾಳೆಗಳ ಕಟ್ಟಿನ ಮೇಲೆ ಕೂತು ಅವಳು ನಗತೊಡಗಿದಳು. ನಿಲ್ಲಿಸಲಾಗದ ನಗು, ಕಣ್ಣಲ್ಲಿ ನೀರು ಬೇರೆ. ಅಕ್ಕ ಕನ್ನಡಕದ ಮೇಲಿನಿಂದ ಇವಳನ್ನೊಮ್ಮೆ, ತಮ್ಮನನ್ನೊಮ್ಮೆ ನೋಡಿದರು. "ನಂಗೆ ಕಣ್ಣು ಮಂದ, ನಿಜ. ಅಷ್ಟೊಂದು ಮಂದ ಅಲ್ಲ," ಎನ್ನುತ್ತ ಚೀಲ ಎತ್ತಿಕೊಂಡು ತರಕಾರಿಗೆ ಹೊರಟೇಬಿಟ್ಟರು.

"ಯಾಕೆ ನಗ್ತಿದ್ದೀರಿ?"

"ಮನೆಯವರು ಅಂದ್ರಲ್ಲ... ನಾನು ಹೆಂಡತಿ ಅಂದ್ಕೊಂಡಿದ್ದೆ."

ಬೈಂಡರನ ಕಿವಿ ಕೆಂಪಾಯಿತು. "ಅದಕ್ಕೇನಾ ಬರದೆ ಇದ್ದಿದ್ದು? ಒಂದು ವಾರ ಪೂರ್ತಿ!"

"ಹನ್ನೊಂದು ದಿನ."

ಹೇಳಿ ಆಗಿಹೋಗಿತ್ತು. ಹೊರಗೆ ಯಾರೋ ಸೈಕಲ್ ಬೆಲ್ ಮಾಡಿಕೊಂಡು ಹೋದರು.

"ನಾನೂ ಒಂದು ಹೇಳ್ಬೇಕು," ಅಂದ ಅವನು, ಕೈಯನ್ನು ಬಟ್ಟೆಗೆ ಒರೆಸಿ ಒರೆಸಿ. "ಅಕ್ಕ ಹೇಳಿದ್ದು ಎರಡೇ ತಪ್ಪು. ಮಿಕ್ಕಿದ್ದನ್ನೆಲ್ಲ ಹುಡುಕಿದ್ದು ನಾನು. ದಿನಾ ಬೆಳಿಗ್ಗೆ ಎದ್ದು ಹುಡುಕ್ತಿದ್ದೆ. ತಪ್ಪು ಮುಗಿದುಹೋದ್ರೆ ನಿಮಗೆ ಏನಂತ ಬರೆಯೋದು?"

"ಒಂದಾದರೂ ಸುಳ್ಳು ತಪ್ಪು ಹೇಳಿದ್ದರೆ ಹಾಯಾಗಿ ಬೈದುಕೊಳ್ತಿದ್ದೆ!"

"ನೀವು ಮಾಡಿದ್ದರ ಮೇಲೆ ಸುಳ್ಳು ಹೇಳೋಕೆ ಮನಸ್ಸು ಬರಲಿಲ್ಲ."

ಅವಳು ಫೋಟೋ ತೆಗೆಯಲು ಫೋನು ಎತ್ತಿದಳು. ಅಂಗಡಿಯದು ತೆಗೆಯಬೇಕಿತ್ತು, ತೆಗೆದದ್ದೆಲ್ಲ ಅವನದೇ. ಸಂಜೆ ಐದಕ್ಕೆ ಇಬ್ಬರೂ ಅಕ್ಕಪಕ್ಕ ಕೂತು ಪೋರ್ಟ್‌ಫೋಲಿಯೋ ಕಳಿಸಿದರು.

ಮುಂದಿನ ಗುರುವಾರ ಆಫೀಸಿನವರು ಕರೆಸಿ ಮಾತಾಡಿದರು. ಹೋಟೆಲನ್ನೂ ಹೂವಿನಂಗಡಿಯನ್ನೂ ಯಾರೂ ತೆರೆಯಲೇ ಇಲ್ಲ. ಬೈಂಡರನ ಪುಟವನ್ನೇ ಮುಕ್ಕಾಲು ಗಂಟೆ ಕೆದಕಿದರು: ಇದು ಯಾಕೆ ಹೀಗೆ, ಅದು ಯಾಕೆ ಹಾಗೆ. ಪ್ರತಿಯೊಂದಕ್ಕೂ ಅವಳ ಹತ್ತಿರ ಕಾರಣ ಇತ್ತು. ಸೋಮವಾರದಿಂದ ಬನ್ನಿ ಅಂದರು.

ಫೋನಿನಲ್ಲಿ ಸುದ್ದಿ ಕೇಳಿ ಅಣ್ಣ, "ನಿಂದೇನಾಗುತ್ತೋ ಅಂತ ಭಯ ಆಗಿತ್ತು ಕಣಮ್ಮಾ," ಅಂದ. ಅವಳಿಗೆ ಅವನ ಮೇಲಿದ್ದ ಮುನಿಸೆಲ್ಲ ಅಲ್ಲೇ ಇಳಿದುಹೋಯಿತು.

ಆಫೀಸಿನಿಂದ ನೇರ ಅಂಗಡಿಗೆ ಬಂದಳು. ಅವನು ಶಟರ್ ಎಳೆಯುತ್ತಿದ್ದ. ಅವಳ ಮುಖ ನೋಡಿದವನೇ ಅರ್ಧಕ್ಕೇ ಕೈಬಿಟ್ಟ.

"ಸಿಕ್ತಾ?"

"ಸಿಕ್ತು."

ಅವನು ಗೋಡೆಗೆ ಒರಗಿ, ತನಗೇ ಕೆಲಸ ಸಿಕ್ಕವನ ಹಾಗೆ ಉದ್ದಕ್ಕೆ ಉಸಿರುಬಿಟ್ಟ. ಆಮೇಲೆ ಬೀದಿ ಕಡೆ ನೋಡುತ್ತ, ತೀರ ಮೆಲ್ಲಗೆ ಕೇಳಿದ. "ನಾಳೆ ಊಟಕ್ಕೆ ಮನೆಗೆ ಬರ್ತೀಯಾ?"

ಅವಳು ಅವನ ಮುಂದೆ ಬಂದು ನಿಂತಳು. "ಬರ್ತೀರಾ ಅಂದ್ರಾ, ಬರ್ತೀಯಾ ಅಂದ್ರಾ?"

"ಎರಡನೇದು."

"ಬರ್ತೀನಿ ಕಣೋ," ಅಂದಳು.