ಎಣ್ಣೆ ಇಡದ ವರ್ಷ

ಅತ್ತೆಯ ಮಣ್ಣಿಗೆ ಬಂದ ನೆಂಟರೆಲ್ಲ ಹಿಂದಿನ ಸಂಜೆಯೇ ಹೊರಟುಹೋಗಿದ್ದರು. ಬೆಳಿಗ್ಗೆ ಎದ್ದು ಚಹಾ ಇಟ್ಟೆ. ಸೋಸುವಾಗ ನೋಡಿದರೆ ಎರಡು ಕಪ್ಪಿನಷ್ಟಿತ್ತು. ಒಂದನ್ನು ಕುಡಿದೆ. ಇನ್ನೊಂದನ್ನು ಏನು ಮಾಡಬೇಕೆಂದು ತಿಳಿಯದೆ ಅದನ್ನೂ ಕುಡಿದೆ.

ಅಳು ಬರಲಿಲ್ಲ. ನಾಲ್ಕು ವರ್ಷದ ಹಿಂದೆ ನನ್ನ ಗಂಡ ಬಸವಣಪ್ಪ ಕಾಮಾಲೆಯಾಗಿ ಹೋದಾಗಲೂ ಬಂದಿರಲಿಲ್ಲ. ಧಾರವಾಡದಲ್ಲಿ ಎಂ.ಎ. ಓದಿದವಳು, ಕರುಳು ಎಲ್ಲಿಂದ ಬರಬೇಕು ಎಂದು ಯಾರೋ ಅಂದರು. ಹಾಗೆಂದವರನ್ನು ಅತ್ತೆ ತುಳಜಾಬಾಯಿ ಬಾಗಿಲ ತನಕ ಕಳಿಸಿ ಬಂದರು. ಅಂದಿನಿಂದ ಹುಮನಾಬಾದಿನ ಈ ಮನೆಯಲ್ಲಿ ಅತ್ತೆ ಅಡುಗೆ ಮಾಡಿದರು, ನಾನು ದಿನವೂ ಬಸವಕಲ್ಯಾಣಕ್ಕೆ ಹೋಗಿ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿದೆ. ನಮ್ಮಿಬ್ಬರ ನಡುವೆ ಹೆಚ್ಚು ಮಾತಿರಲಿಲ್ಲ. ಬೇಕಾಗಿಯೂ ಇರಲಿಲ್ಲ.

"ಅವ್ವಾ, ಇವತ್ತ ಸಾಲಿ ಅದೇನು?" ಹಾಸಿಗೆಯಿಂದಲೇ ಮಗ ಬಕ್ಕು ಕೇಳಿದ.

"ಅದ."

"ಆಯಿ ಸತ್ತರೂನು?"

"ಹೌದು."

ಅವನ ಅಕ್ಕ ಗಯಾ ಏನೂ ಕೇಳದೆ ಕನ್ನಡಿಯ ಮುಂದೆ ನಿಂತು ತಾನೇ ಜಡೆ ಹಾಕಿಕೊಳ್ಳುತ್ತಿದ್ದಳು. ಅಲ್ಲಿಯವರೆಗೆ ಅದು ಅವಳ ಆಯಿಯ, ಎಂದರೆ ನನ್ನ ಅತ್ತೆಯ, ಕೆಲಸ. ಬೈತಲೆ ಸೊಟ್ಟಗಿತ್ತು.

ದೀಪಾವಳಿ ಹತ್ತಿರವಾದಾಗ ಪಕ್ಕದ ಮನೆಯ ಸರುಬಾಯಿ ಬಂದು ಹೊಸ್ತಿಲ ಮೇಲೆ ಕೂತಳು.

"ಮೀರಾಬಾಯಿ, ವರ್ಷ ತುಂಬೋತನಕ ನಿಮ್ಮ ಒಲಿ ಮ್ಯಾಲ ಎಣ್ಣಿ ಕಡಾಯಿ ಇಡೂ ಹಂಗಿಲ್ಲ ನೋಡ್ರಿ. ಚಕಲಿ, ಕರಚಿಕಾಯಿ ಎಲ್ಲಾ ನಮ್ಮನಿಯಿಂದ ಬರ್ತಾವ."

ಸಾವಾದ ಮನೆಯಲ್ಲಿ ಮೊದಲ ಹಬ್ಬಕ್ಕೆ ಕರಿಯುವಂತಿಲ್ಲ, ಊರವರೇ ತಂದುಕೊಡಬೇಕು. ನನಗೆ ಅದರಿಂದ ತೊಂದರೆಯೇನೂ ಇರಲಿಲ್ಲ. ಕರಿಯಲು ಬರುತ್ತಲೂ ಇರಲಿಲ್ಲ. ಆದರೆ ಬಕ್ಕುವಿನ ಮುಖ ಇಳಿಯಿತು.

"ಅವರ ಕರಚಿಕಾಯಿದಾಗ ಬರೇ ಗಾಳಿ ಇರ್ತದವಾ," ಎಂದು ನನ್ನ ಕಿವಿಯಲ್ಲಿ ಅಂದ. ಸರುಬಾಯಿಗೂ ಕೇಳಿಸಿತು.

ಆಗ ಗಯಾ ಪುಸ್ತಕದಿಂದ ತಲೆ ಎತ್ತಿದಳು. "ಅತ್ಯಾ, ಎಣ್ಣಿ ಇಡಬಾರದು, ಖರೆ. ಬೇಕರಿ ಭಟ್ಟಿಗಿ ಹೋಗಬಾರದಂತ ಯಾರರೆ ಹೇಳ್ಯಾರೇನು?"

ಸರುಬಾಯಿ ಬಾಯಿ ತೆರೆದಳು, ಮುಚ್ಚಿದಳು. "ಭಟ್ಟಿ ನಮ್ಮ ಒಲಿ ಅಲ್ಲ, ಅದೂ ಖರೆ. ಮೀರಾಬಾಯಿ, ಈಕಿನ್ನ ವಕೀಲ್ಕಿ ಓದಸ್ರಿ."

ನಮ್ಮೂರಲ್ಲಿ ದೀಪಾವಳಿಗೂ ರಮಜಾನಿಗೂ ಮುಂಚೆ ಹೆಂಗಸರು ನಾನಖಟಾಯಿ ಬಿಸ್ಕೀಟಿನ ಹಿಟ್ಟು ನಾದಿ, ಉಂಡೆ ಕಟ್ಟಿ, ಮಹೆಬೂಬನ ಬೇಕರಿಯ ಭಟ್ಟಿಗೆ ಒಯ್ಯುತ್ತಾರೆ. ಎಲ್ಲರ ಮನೆಯ ತಗಡಿನ ಪತ್ರಾ ತಟ್ಟೆಗಳೂ ಒಟ್ಟಿಗೇ ಒಳಗೆ ಹೋಗುತ್ತವೆ. ಅದಕ್ಕೇ ಪ್ರತಿ ಮನೆಯವರೂ ಉಂಡೆಯ ಮೇಲೆ ತಮ್ಮದೊಂದು ಗುರುತು ಹಾಕುತ್ತಾರೆ. ಒಬ್ಬರದು ಲವಂಗ, ಒಬ್ಬರದು ಚಾರೊಳಿ. ಸರುಬಾಯಿಯದು ಕೋಟಿನ ಗುಂಡಿ.

ಅತ್ತೆ ಯಾರಿಗೂ ಅಳತೆ ಹೇಳಿದವರಲ್ಲ. ಮೈದಾ, ಡಾಲ್ಡಾ, ಬೀಸಿದ ಸಕ್ಕರೆ ಮುಂದಿಟ್ಟುಕೊಂಡು ನಾನು ಪಾಠ ಬಾರದ ಹುಡುಗಿಯ ಹಾಗೆ ಕೂತೆ.

"ಆಯಿ ಕಿವಿ ಮುಟ್ಟಿ ನೋಡ್ತಿದ್ದಳು," ಎಂದಳು ಗಯಾ. "ಹಿಟ್ಟು ಕಿವಿ ತುದಿಯಷ್ಟು ಮೆತ್ತಗಾಗಬೇಕು."

ಮೂವರೂ ನಾದಿದೆವು. ಹಿಟ್ಟನ್ನು ಮುಟ್ಟುವುದು, ಕಿವಿ ಮುಟ್ಟುವುದು. ಬಕ್ಕು ತನ್ನ ಕಿವಿ ಬಿಟ್ಟು ನನ್ನದನ್ನೇ ಹಿಡಿದು ನೋಡುತ್ತಿದ್ದ. ಗುರುತಿಗೆ ಬೇರೇನೂ ಹೊಳೆಯದೆ ನನ್ನ ಪೆನ್ನಿನ ಟೋಪಿ ಒತ್ತಿದೆವು. ಚೆಂದದ ಒಂದು ದುಂಡು ಬಿತ್ತು.

ಸಂಜೆ ಡಬ್ಬಿ ಮನೆಗೆ ಬಂತು. ಬಕ್ಕು ಒಂದನ್ನು ಬಾಯಿಗೆ ಹಾಕಿ, ಹಾಗೇ ಹೊರಗೆ ತೆಗೆದ.

"ಅವ್ವಾ, ಇದು ನಮ್ಮದಲ್ಲ. ಇದರಾಗ ಉಪ್ಪದ."

ನಾನೂ ಕಚ್ಚಿದೆ. ಉಪ್ಪೇ ಇತ್ತು. ಕಲ್ಲಿನಂತೆಯೂ ಇತ್ತು. ಮೇಲೆ ಮಾತ್ರ ಪೆನ್ನಿನ ಟೋಪಿಯ ದುಂಡು.

ಮಹೆಬೂಬ ಭಟ್ಟಿಯ ಮುಂದೆ ಹಣೆ ಬಡಿದುಕೊಂಡ. "ಅರೆ ಬಾಯಿ, ಟೋಪಿ ಗುರ್ತಿನವು ಎರಡು ಮನಿದು ಇದ್ವು! ಕಲಿತವರಿಗಿ ಮನ್ಯಾಗ ಲವಂಗ ಸಿಗಲ್ಲೇನು? ಇನ್ನೊಂದು ಬಸ್‌ಸ್ಟ್ಯಾಂಡ್ ಕಂಟ್ರೋಲರ್ ಸಾಹೇಬರದು."

ಕಂಟ್ರೋಲರ್ ಮಹಾರುದ್ರಪ್ಪನವರ ದನಿ ನನಗೆ ಗೊತ್ತಿತ್ತು. ದಿನವೂ ಏಳೂವರೆಯ ಕಲ್ಯಾಣದ ಬಸ್ಸನ್ನು ಕೂಗುವ ದನಿ. ಮುಖ ನೋಡಿರಲಿಲ್ಲ. ಆ ವರ್ಷಗಳಲ್ಲಿ ನಾನು ಯಾರ ಮುಖವನ್ನೂ ಸರಿಯಾಗಿ ನೋಡಿರಲಿಲ್ಲ.

ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ಅವರ ಕಿಟಕಿಯ ಮುಂದೆ ನಿಂತು ಡಬ್ಬಿ ಇಟ್ಟೆ.

"ನಿಮ್ಮ ನಾನಖಟಾಯಿ ನಮ್ಮನಿಗಿ ಬಂದಾವ್ರಿ."

ಅವರು ಡಬ್ಬಿ ನೋಡಿದರು. ನನ್ನನ್ನು ನೋಡಿದರು. ಕೈಯಲ್ಲಿದ್ದ ಪೆನ್ನನ್ನು, ಅದೇ ತಪ್ಪು ಮಾಡಿದೆ ಎಂಬಂತೆ, ಮೆಲ್ಲಗೆ ಜೇಬಿಗೆ ಇಳಿಸಿದರು.

"ತಿಂದ್ರೇನ್ರಿ?"

"ನನ್ನ ಮಗ ತಿಂದ."

"ಹುಡುಗ ಆರಾಮ ಇದ್ದಾನ್ರಿ?"

ನನಗೆ ನಗು ಬಂತು. ಜೋರಾಗಿಯೇ ಬಂತು. ಬಸ್ಸಿನ ಬಾಗಿಲಲ್ಲಿ ನಿಂತ ಕಂಡಕ್ಟರ್ ಯುನೂಸ್ ತಿರುಗಿ ನೋಡಿದ.

"ಸಕ್ರಿ ನಾನ ಹಾಕ್ತೀನಿ ಅಂದ್ಲರಿ ನನ್ನ ಮಗಳು ಕಸ್ತೂರಿ," ಎಂದರು ಅವರು. "ಉಪ್ಪಿಂದು, ಸಕ್ರಿದು ಎರಡೂ ಡಬ್ಬಿ ಒಂದೇ ಥರಾ ಅವ. ತಾಯಿ ಇಲ್ಲದ ಕೂಸು, ಬ್ಯಾಡ ಅನ್ನಲಿಕ್ಕ ಆಗಲಿಲ್ಲ."

"ಮತ್ತ ನಮ್ಮ ಡಬ್ಬಿರಿ?"

"ಅದನ್ನ ಕೇಳಬ್ಯಾಡ್ರಿ." ಮೇಜಿನ ಕೆಳಗಿಂದ ಖಾಲಿ ಡಬ್ಬಿ ಮೇಲೆ ಬಂತು. "ಆಕಿ ತಿಂದ್ಲು. ನಾನೂ ತಿಂದೆ. ಒಂದು ಉಳಿದಿತ್ತು, ತೋರಿಸಲಿಕ್ಕ ಬೇಕಂತ ಇಟ್ಟಿದ್ದೆ. ಅದನ್ನ ಯುನೂಸ್ ತಿಂದ."

"ಸಾಹೇಬ್, ಟೈಮ್ ಆತು!" ಯುನೂಸ್ ಕೂಗಿದ. "ಗಾಡಿ ಬಿಡ್ಲೋ, ಇಲ್ಲೇ ದೀಪಾವಳಿ ಮಾಡ್ಲೋ?"

ನಾನು ಬಸ್ಸು ಹತ್ತಿದೆ. ಕಿಟಕಿಯ ಹತ್ತಿರ ಬಂದು ಅವರು ತಗ್ಗಿದ ದನಿಯಲ್ಲಿ ಅಂದರು, "ಐತವಾರ ಮೈದಾ, ಸಕ್ರಿ ನಾ ತರ್ತೀನ್ರಿ. ನೀವು ಕಲಸಿಕೊಡ್ರಿ."

"ನೆಕ್ಕಿ ನೋಡಿ ತರ್ರಿ," ಎಂದೆ.

ಕಲ್ಯಾಣ ಬರುವ ತನಕ ಆ ಮಾತು ಆಡಿದವಳು ನಾನೇನಾ ಎಂದು ಯೋಚಿಸುತ್ತ ಕೂತಿದ್ದೆ.

ಐತವಾರ, ನನ್ನ ರಜೆಯ ದಿನ, ಅಪ್ಪ ಮಗಳು ಬಂದರು. ಕಸ್ತೂರಿ ಬಕ್ಕುವಿನ ವಯಸ್ಸಿನವಳು, ಬಂದವಳೇ ಅವನಿಗೆ ತಲೆಯ ಮೇಲೊಂದು ಕೊಟ್ಟು ಗೆಳತಿಯಾದಳು. ಮಕ್ಕಳು ಕಿವಿಯ ಲೆಕ್ಕ ಕಲಿಸಿದರು. ಕಸ್ತೂರಿ ಹಿಟ್ಟಿನ ಕೈಯಲ್ಲಿ ಅಪ್ಪನ ಕಿವಿ ಹಿಂಡಿ, "ಅಪ್ಪಂದು ಗಟ್ಟಿ ಅದ, ಅದಕ್ಕ ನಮ್ಮ ನಾನಖಟಾಯಿ ಕಲ್ಲಾದ್ವು," ಎಂದಳು.

ಅವರ ಕಿವಿಯ ಮೇಲೆ ಬಿಳಿ ಹಿಟ್ಟು ಹಾಗೇ ಉಳಿಯಿತು. ಒರೆಸಿಕೊಳ್ಳಲಿಲ್ಲ. ಹಿಟ್ಟಿನ ಪರಾತದ ಆಚೆಯಿಂದ ಒಮ್ಮೆ ನನ್ನ ಕಿವಿಯನ್ನು ನೋಡಿದರು. ನೋಡಿದ್ದು ನನಗೆ ತಿಳಿಯಿತೆಂದು ಅವರಿಗೂ ತಿಳಿದು, ಹಿಟ್ಟನ್ನು ಬಹಳ ಜೋರಾಗಿ ನಾದತೊಡಗಿದರು.

ನನ್ನ ಕಿವಿ ಬಿಸಿಯಾಯಿತು. ನನ್ನದು ಎನ್ನುವ ಯಾವುದೂ ಬಿಸಿಯಾಗಿ ಎಷ್ಟೋ ಕಾಲವಾಗಿತ್ತು.

ಹಬ್ಬ ಕಳೆದರೂ ಐತವಾರಗಳು ನಿಲ್ಲಲಿಲ್ಲ. ಮಹೆಬೂಬನ ಭಟ್ಟಿಗೆ ಪ್ರತಿ ವಾರ ಹೋಗಲಾಗದು. ಹಳೆಯ ಅಲ್ಯೂಮಿನಿಯಂ ಪಾತ್ರೆಯಲ್ಲಿ ಮರಳು ಹಾಕಿ, ಸ್ಟೋವಿನ ಮೇಲೆ ಕಾಯಿಸಿ, ಮೇಲೊಂದು ತಾಟಿನಲ್ಲಿ ಬಿಸ್ಕೀಟು ಇಡುವುದನ್ನು ಕಲಿತೆವು. ಮೊದಲ ಸಲ ತಳ ಕರಕಲು, ಮೇಲೆ ಹಸಿ. ಮಕ್ಕಳು ನಡುವಿನದನ್ನು ತಿಂದರು. ಮೊಸರು, ಸೋಡಾ ಹಾಕಿ ಕೇಕು ಮಾಡಿದ ದಿನ ಅದು ಉಬ್ಬಿತು. ಮುಚ್ಚಳ ತೆಗೆದ ಕೂಡಲೇ ಇಳಿಯಿತು. ಐದು ಜನವೂ ಪಾತ್ರೆಯ ಸುತ್ತ ಬಗ್ಗಿ, ಇಳಿಯುವುದನ್ನೇ ನೋಡಿ ನಕ್ಕೆವು.

ಏಳೂವರೆಯ ಬಸ್ಸು ಈಚೆಗೆ ಸ್ವಲ್ಪ ತಡವಾಗಿ ಹೊರಡುತ್ತಿತ್ತು. ಒಂದು ದಿನ ಮುಡಬಿಯ ಮುದುಕರೊಬ್ಬರು ಸಿಟ್ಟಾದರು.

"ಇನ್ನೂ ಯಾಕ ಬಿಡವಲ್ರಿ?"

"ಸಾಹೇಬರ ಗಡಿಯಾರ ಹಂಗ ಅದ ಅಜ್ಜ," ಎಂದ ಯುನೂಸ್, ನನಗೆ ಟಿಕೆಟು ಹರಿಯುತ್ತ. "ಟೀಚರ್ ಬಾಯಿ ಬಂದ ಮ್ಯಾಲ ನಡೀತದ."

ನಾನು ಕಿಟಕಿಯ ಹೊರಗೆ ನೋಡಿದೆ. ಅಲ್ಲಿ ಅವರಿದ್ದರು. ಇಬ್ಬರೂ ಬೇರೆ ಕಡೆ ನೋಡಿದೆವು.

ಮತ್ತೆ ದೀಪಾವಳಿ ಹತ್ತಿರ ಬಂತು. ಅತ್ತೆಯ ವರ್ಷ ಮುಗಿದಿತ್ತು. ಒಂದು ಐತವಾರ ಮಕ್ಕಳು ಅಂಗಳಕ್ಕೆ ಓಡಿದ ಮೇಲೆ ಮಹಾರುದ್ರಪ್ಪನವರು ತಾಟು ಒರೆಸುತ್ತ ಹೇಳಿದರು.

"ನನಗ ಕಲ್ಯಾಣದ ಬಸ್‌ಸ್ಟ್ಯಾಂಡಿಗಿ ವರ್ಗಾ ಆಗ್ಯದರಿ. ಹಬ್ಬ ಆದಮ್ಯಾಲ ಹೋಗಬೇಕು. ಅವ್ವ ಅಲ್ಲೇ ಇದ್ದಾಳ. ಮುಡಬಿ ಕಡೆ ನನಗೊಂದು ಹೆಣ್ಣು ನೋಡ್ಯಾಳ. ಪಾಡ್ಯದ ದಿನ ಅವರು ಮಾತಿಗಿ ಬರ್ತಾರ."

ನಾನು ಸ್ಟೋವಿನ ಪಿನ್ನು ಹುಡುಕುವವಳಂತೆ ಬಗ್ಗಿದೆ.

"ಅದಕ್ಕಿಂತ ಮೊದಲ ನಿಮಗ ಕೇಳಬೇಕಂತ ಮಾಡೀನಿ. ಮೂರೂ ಹುಡುಗರು ಒಂದ ಮನ್ಯಾಗ ಇದ್ರ ಛಲೋ ಇರ್ತದರಿ. ನಾನೂ ಛಲೋ ಇರ್ತೀನಿ."

"ಅತ್ತಿ ಇದ್ದಿದ್ರ ಏನಂತಿದ್ದರೋ," ಎಂದೆ.

"ಅವರದು ನಾ ಹ್ಯಾಂಗ ಹೇಳ್ಲಿ? ನೀವು ಏನಂತೀರಿ?"

ನಮ್ಮವರಲ್ಲಿ ಮರುಮದುವೆ ಹೊಸದಲ್ಲ. ಊರಿನ ಬಾಯಿಗೂ ನಾನು ಹೆದರಿದವಳಲ್ಲ. ಆದರೆ ಅತ್ತೆ ಹೊಟ್ಟೆಯ ಮಗನನ್ನು ಕಳೆದುಕೊಂಡ ಮನೆಯಲ್ಲೇ ಕೂತು ನನ್ನ ತಾಟಿಗೆ ರೊಟ್ಟಿ ಹಾಕಿದ್ದರು. ಅವರ ಒಂದು ಹೂಂ ಇಲ್ಲದೆ ಆ ಮನೆಯಿಂದ ಹೇಗೆ ಎದ್ದು ಹೋಗಲಿ?

"ಪಾಡ್ಯಕ್ಕ ಮೊದಲ ಹೇಳ್ತೀನಿ," ಎಂದೆ.

ಹಬ್ಬದ ಅಡುಗೆಗೆ ಸರುಬಾಯಿಯೇ ಬಂದು ನಮ್ಮ ಒಲೆಯ ಮೇಲೆ ಕಡಾಯಿ ಇಟ್ಟಳು. ನಾನು ಅಟ್ಟದಿಂದ ಚಕಲಿ ಒತ್ತುವ ಹಿತ್ತಾಳೆಯ ಒರಳನ್ನು ಇಳಿಸಿದೆ. ಅವಳು ಅದನ್ನು ತಿರುಗಿಸಿ ನೋಡಿದಳು.

"ಇದು ನಿಮ್ಮದಲ್ರಿ. ನಿಮ್ಮದರ ಹಿಡಿಕಿ ಮುರಿದಿತ್ತು. ಸಾಯೂಕ್ಕಿಂತ ಮೊದಲ ಒಮ್ಮೆ ಕಲ್ಯಾಣಕ್ಕ ಹೋದಾಗ ನಿಮ್ಮತ್ತಿ ಪಾರ್ವತಿಬಾಯಿ ಕಡಿಂದ ಕೇಳಿ ತಂದಿದ್ದಳು. ಇಬ್ಬರದೂ ತವರೂರು ಒಂದೇ, ಮೋರಖಂಡಿ. ನಿಮಗ ಗೊತ್ತಿಲ್ಲೇನು? ಕಂಟ್ರೋಲರ್ ಸಾಹೇಬರ ತಾಯಿ."

ನನ್ನ ಕೈ ನಿಂತಿತು. ಅತ್ತೆ ಅವರ ಮನೆಗೆ ಹೋಗಿದ್ದರು. ಚಕಲಿ ಒರಳು ಹುಮನಾಬಾದಿನಲ್ಲೂ ಯಾರ ಮನೆಯಲ್ಲಾದರೂ ಸಿಗುತ್ತಿತ್ತು. ಅಷ್ಟು ದೂರದಿಂದ ಹೊತ್ತು ತಂದರೆಂದರೆ ಮನಸ್ಸಿನಲ್ಲಿ ಏನೋ ಇದ್ದಿರಬೇಕು. ಆ ತಾಯಿಯ ಹತ್ತಿರ ನನ್ನ ಬಗ್ಗೆ ಒಂದು ಮಾತಾದರೂ ಹೇಳಿರಬೇಕು.

ಅಂದು ಮೂರೂ ಮಕ್ಕಳು ಚಕಲಿ ಒತ್ತಿದರು. ಬಕ್ಕುವಿನವು ಸುರುಳಿಯಾಗಲಿಲ್ಲ, ಎರೆಹುಳುಗಳಾದವು. ಒರಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಬಟ್ಟೆಯಲ್ಲಿ ಕಟ್ಟಿದೆ.

ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಅವರು ಗಂಟು ನೋಡಿದರು. "ಏನ್ರಿ ಅದು?"

"ನಿಮ್ಮ ಮನಿದು. ನಿಮ್ಮ ಅವ್ವನ ಕಡೆ ಹೊಂಟೀನಿ."

ಅವರು ಬಸ್ಸು ಕೂಗುವುದನ್ನು ಮರೆತರು. ಯುನೂಸನೇ ಕೂಗಿಕೊಂಡ.

ಕಲ್ಯಾಣದಲ್ಲಿ ಕೋಟೆಯ ಕಡೆಯ ಓಣಿಯಲ್ಲಿ ಪಾರ್ವತಿಬಾಯಿಯ ಮನೆ. ಗಿಡ್ಡ ಹೆಂಗಸು, ಚುರುಕು ಕಣ್ಣು. ತುಳಜಾಬಾಯಿಯ ಸೊಸೆ ಎಂದೊಡನೆ ಗಂಟು ಬಿಚ್ಚಿಸಿದರು.

"ಬಂತೇನು! ಇದು ಇಲ್ಲದೆ ನಾ ಹಬ್ಬಕ್ಕ ಬರೇ ಶಂಕರಪಾಳಿ ಮಾಡೀನಿ. ಸತ್ತಾಕಿನ್ನ ಬೈಬಾರದಂತ ಸುಮ್ಮನಿದ್ದೆ." ನಾನು ತಂದ ಚಕಲಿಯನ್ನು ಮುರಿದು ಬಾಯಿಗೆ ಹಾಕಿದರು. "ಖಾರ ಕಡಿಮಿ ಆಗ್ಯದ. ಅಡ್ಡಿಯಿಲ್ಲ."

ಚಹಾ ಬಂತು. ನಾನು ಕಪ್ಪನ್ನು ಕೆಳಗಿಟ್ಟೆ.

"ಇದನ್ನ ಒಯ್ಯೂವಾಗ ಅತ್ತಿ ಏನರೆ ಅಂದಿದ್ದರೇನ್ರಿ?"

"ಏನಂತಾಳ? ನಿಂದರ ತೂತು ದೊಡ್ಡವು ಪಾರ್ವತಿ, ಚಕಲಿ ದಪ್ಪ ಬೀಳ್ತಾವ ಅಂದ್ಲು. ಕೇಳಿ ಒಯ್ಯೋದು, ಮ್ಯಾಲ ಹೆಸರಿಡೋದು."

"ನನ್ನ ಬಗ್ಗೆ ಏನೂ ಅನ್ಲಿಲ್ಲೇನ್ರಿ?"

"ನಿನ್ನ ಬಗ್ಗೆ ಯಾಕಂತಾಳ? ನಡದದ್ದು ಚಕಲಿ ಮಾತು!"

ನಾನು ನಕ್ಕೆ. ನಗುತ್ತಲೇ ಅಳು ಬಂತು. ಅತ್ತೆಯ ದನಿ, ಹೆಸರಿಡುವಾಗ ಅವರು ಮೂಗು ಮುರಿಯುತ್ತಿದ್ದ ರೀತಿ, ಎಲ್ಲ ಒಮ್ಮೆಲೇ ಆ ಅಡುಗೆಮನೆಗೆ ಬಂದುಬಿಟ್ಟವು. ಸೆರಗು ಮುಖಕ್ಕೆ ಒತ್ತಿ ಅತ್ತುಬಿಟ್ಟೆ. ಮಣ್ಣಾದ ದಿನದಿಂದ ಅಳದಿದ್ದನ್ನು, ಅದಕ್ಕೂ ಮೊದಲು ಅಳದಿದ್ದನ್ನು.

ಪಾರ್ವತಿಬಾಯಿ ಗಾಬರಿಯಾದರು. "ಅಯ್ಯ, ತೂತು ದೊಡ್ಡವಿದ್ರ ಏನಾತವಾ, ಅಳಬ್ಯಾಡ!"

ಅಳು ತಾನಾಗಿ ನಿಂತಿತು. ಅತ್ತೆ ಯಾವ ಮಾತನ್ನೂ ಇಟ್ಟುಹೋಗಿರಲಿಲ್ಲ. ಮುರಿದ ಒರಳಿನ ಬದಲು ಒಂದು ಒರಳು ತಂದಿದ್ದರು, ಅಷ್ಟೇ. ಹೂಂ ಅನ್ನಬೇಕಾದವಳು ನಾನು.

"ಪಾಡ್ಯಕ್ಕ ಮಂದಿ ಬರ್ತಾರ, ನನಗಿನ್ನ ಚಕಲಿ ಮಾಡಲಿಕ್ಕ ಆಗಂಗಿಲ್ಲ," ಎಂದು ಪಾರ್ವತಿಬಾಯಿ ಒರಳನ್ನು ನನ್ನ ಕಡೆಗೆ ಸರಿಸಿದರು. "ಬೇಕಾದ್ರ ಇನ್ನಷ್ಟು ದಿನ ಇಟ್ಕೊ."

"ಬ್ಯಾಡ್ರಿ. ಇಲ್ಲೇ ಇರ್ಲಿ. ಇನ್ನ ಮುಂದ ಚಕಲಿ ನಾನ ಇಲ್ಲಿ ಒತ್ತತೀನಿ. ಮೂರೂ ಹುಡುಗರನ್ನ ಕೂಡಿಸ್ಕೊಂಡು."

"ಯಾವ ಮೂರು?"

"ನನ್ನವು ಎರಡು. ನಿಮ್ಮ ಕಸ್ತೂರಿ ಒಂದು."

ಅವರು ನನ್ನನ್ನು ನೋಡಿದರು. ಒಲೆಯ ಮೇಲೆ ಹಾಲು ಉಕ್ಕಿತು. ಇಬ್ಬರೂ ಏಳಲಿಲ್ಲ.

"ನನ್ನ ಮಗ ಎರಡು ಸಲ ಹೇಳಿದ್ದ," ಎಂದರು ಕಡೆಗೆ. "ಆಕಿ ಇನ್ನೂ ಹೂಂ ಅಂದಿಲ್ಲ ಅಂತಿದ್ದ. ಅವಗ ಈಗ ಗೊತ್ತದೇನು?"

"ಇಲ್ರಿ. ಸಂಜಿ ಬಸ್ಸಿಗಿ ಹೋಗಿ ಹೇಳ್ತೀನಿ. ಮೊದಲ ನಿಮಗ ಹೇಳೀನಿ."

ಪಾರ್ವತಿಬಾಯಿ ಒರಳನ್ನು ಸೆರಗಿನಿಂದ ಒರೆಸಿದರು. ಒಲೆಯ ಮೇಲಿನ ಎತ್ತರದ ಗೂಡಿನ ಕಡೆಗೆ ಗದ್ದ ಎತ್ತಿ ತೋರಿಸಿದರು.

"ಅಲ್ಲಿ ಇಡು. ನನಗ ಕೈ ನಿಲುಕಂಗಿಲ್ಲ."

ನಾನು ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಒರಳನ್ನು ಗೂಡಿನಲ್ಲಿಟ್ಟೆ.