ಎರಡು ಮೋಡೆಮ್‌ಗಳ ಮಾತು

"ಪೂನಮ, ಹಿಡಿ! ಅವ್ವನ ಫೋನ್ ಅದ!"

ಸಿದ್ದರಾಮ ಕಾಕಾ ಮೊಬೈಲ್ ಚಾಚಿದರು. ಪೂನಮ ತಲೆ ಎತ್ತಲಿಲ್ಲ. "ಹೋಮ್‌ವರ್ಕ್ ಮಾಡ್ಲತ್ತಾಳ ಅಂತ ಹೇಳ್ರಿ ಕಾಕಾ," ಎಂದು ಪೆನ್ಸಿಲ್ ಕೆತ್ತತೊಡಗಿದಳು. ಅದು ಆಗಲೇ ಸೂಜಿಯಷ್ಟು ಚೂಪಾಗಿತ್ತು.

ಕಾಕಾ ಅವ್ವನಿಗೆ ಏನೋ ಸಮಾಧಾನ ಹೇಳಿ ಫೋನ್ ಇಟ್ಟರು.

"ನಾಳಿ ಕುರಿ ಹೊಡಕೊಂಡು ಮುಂದ ಹೋಗ್ತಾರಂತ. ಅಲ್ಲಿ ರೇಂಜ್ ಇಲ್ಲ. ಮತ್ತ ಭಾಳ ದಿನ ಮಾತಿಲ್ಲ ನೋಡು. ಸಂಜಿಗಿ ಇನ್ನೊಮ್ಮಿ ಫೋನ್ ಮಾಡ್ತಾಳ, ಆಗಾದ್ರೂ ಮಾತಾಡವ್ವಾ."

ಪೂನಮ ಪೆನ್ಸಿಲ್ ಕೆತ್ತುತ್ತಲೇ ಇದ್ದಳು.

ಅವಳಿಗೆ ಅವ್ವನ ಮೇಲೆ ಸಿಟ್ಟು ಬಂದಿತ್ತು. ದೀಪಾವಳಿಗೆ ಬರುತ್ತೇನೆ ಎಂದಿದ್ದ ಅವ್ವ ಬರಲೇ ಇಲ್ಲ. ಕಾಸಾರಶಿರಸಿಯ ರೈತನೊಬ್ಬ, ಹೊಲಕ್ಕೆ ಗೊಬ್ಬರವಾಗಲಿ ಎಂದು ರಾತ್ರಿ ಕುರಿ ನಿಲ್ಲಿಸಲು ಕರೆದಿದ್ದ. ಒಪ್ಪಿಕೊಂಡ ಹೊಲ ಬಿಟ್ಟು ಬರುವುದು ಹೇಗೆ? ಕುರಿ ಕಾಯುತ್ತ ಊರೂರು ತಿರುಗುವ ಅಪ್ಪ, ಅವ್ವ ಅಲ್ಲೇ ಉಳಿದರು.

ಪೂನಮ ಮಾತ್ರ ಉದಗೀರದಲ್ಲಿ, ಕಾಕಾನ ಮನೆಯಲ್ಲಿ, ಶಾಲೆಗಾಗಿ. ಕಾಕಾ ಒಳ್ಳೆಯವರೇ, ಆದರೆ ಒಂಟಿ ಮನುಷ್ಯ. ಬೆಳಗಿನಿಂದ ಸಂಜೆಯವರೆಗೆ ಅವರಿಗೆ ಕಂಪ್ಯೂಟರ್ ರಿಪೇರಿ ಅಂಗಡಿಯೇ ಲೋಕ. ಕ್ಲಾಸಿನ ಹುಡುಗಿಯರು ಪಟಪಟ ಮರಾಠಿಯಲ್ಲಿ ಮಾತಾಡುತ್ತಿದ್ದರು. ಪೂನಮ ಮನಸ್ಸಿನಲ್ಲೇ ಒಂದು ಮಾತು ಜೋಡಿಸುವಷ್ಟರಲ್ಲಿ ಅವರು ನಕ್ಕು ಎದ್ದುಹೋಗಿರುತ್ತಿದ್ದರು.

ಹಾಗೆಂದು ಅವ್ವನ ದನಿ ಬೇಡವೆಂದಲ್ಲ. ಕಾಕಾ ಕೊಟ್ಟ, ಸಿಮ್ ಇಲ್ಲದ ಹಳೆಯ ಮೊಬೈಲಿನಲ್ಲಿ ಅವ್ವನ ಹಿಂದಿನ ಒಂದು ಕಾಲ್ ರೆಕಾರ್ಡ್ ಆಗಿತ್ತು. "ಪೂನಮ, ಉಂಡೇನವ್ವಾ?" ಅದನ್ನೇ ದಿನಾ ಹಚ್ಚಿಕೊಂಡು ಕೇಳುತ್ತಿದ್ದಳು. ರೆಕಾರ್ಡಿನ ಅವ್ವ ಎಷ್ಟೋ ಚಲೋ, ಬರುತ್ತೇನೆಂದು ಹೇಳಿ ಕೈ ಕೊಡುವುದಿಲ್ಲ.

ಅವತ್ತೇ ಮಧ್ಯಾಹ್ನ ಯಾವುದೋ ಆಫೀಸಿನ ಹಳೇ ಸಾಮಾನು ಅಂಗಡಿಗೆ ಬಂದಿತ್ತು. ಅದರಲ್ಲಿ ಎರಡು ಮೋಡೆಮ್, ಒಂದು ಟೆಲಿಫೋನ್, ಫೋನುಗಳನ್ನು ಒಂದಕ್ಕೊಂದು ಕೂಡಿಸುವ ಒಂದು ಇಂಟರ್‌ಕಾಮ್ ಡಬ್ಬಿ ಇದ್ದವು. ಕಾಕಾಗೆ ಹಬ್ಬವೇ ಹಬ್ಬ.

"ಮೊದಲ ಇಂಟರ್ನೆಟ್ ಹಿಂಗ ಬರ್ತಿತ್ತು ನೋಡು, ಫೋನಿನ ತಂತಿದಾಗ!"

ಎರಡು ಕಂಪ್ಯೂಟರಿಗೆ ಒಂದೊಂದು ಮೋಡೆಮ್ ಹಚ್ಚಿ, ಡಬ್ಬಿಗೆ ತಂತಿ ಕೂಡಿಸಿದರು. ಒಂದು ಮೋಡೆಮ್ ಇನ್ನೊಂದಕ್ಕೆ ಫೋನ್ ಮಾಡಿತು. ಕುಂಯ್ಯ್... ಕಿರ್ರ್... ಘುರ್ರ್! ಪೂನಮ ನಗುತ್ತಲೇ ತನ್ನ ಮೊಬೈಲಿನಲ್ಲಿ ಆ ಸಪ್ಪಳವನ್ನೆಲ್ಲ ರೆಕಾರ್ಡ್ ಮಾಡಿಕೊಂಡಳು. ಕಾಕಾ ಈ ಕಡೆ ಟೈಪ್ ಮಾಡಿದರು. ಆ ಕಡೆಯ ಸ್ಕ್ರೀನಿನಲ್ಲಿ ಅಕ್ಷರ ಮೂಡಿತು: "ಪೂನಮ, ಚಹಾ ಕುಡಿತಿ?"

ಚಹಾ ತರಲು ಕಾಕಾ ಹೊರಗೆ ಹೋದರು. ಅಂಗಡಿ ಒಮ್ಮೆಲೇ ಬಿಕೋ ಎಂದಿತು.

ಪೂನಮಳಿಗೆ ಒಂದು ವಿಚಾರ ಹೊಳೆಯಿತು. ಸಪ್ಪಳವೆಲ್ಲ ಮೊಬೈಲಿನಲ್ಲೇ ಇದೆಯಲ್ಲ? ಅದನ್ನು ಹಚ್ಚಿದರೆ ತನ್ನ ಹೆಸರು ಸ್ಕ್ರೀನಿನಲ್ಲಿ ಮತ್ತೆ ಬರಬೇಕು. ಆ ಕಡೆ ಯಾರೂ ಕೂಡಬೇಕಾಗಿಲ್ಲ!

ಒಂದು ಮೋಡೆಮ್ ಬಿಚ್ಚಿ, ಅದರ ಜಾಗದಲ್ಲಿ ಟೆಲಿಫೋನ್ ಸಿಕ್ಕಿಸಿದಳು. ನಂಬರ್ ಒತ್ತಿದಳು. ಇನ್ನೊಂದು ಮೋಡೆಮ್ ಕುಂಯ್ ಎಂದದ್ದೇ ತಡ, ರಿಸೀವರಿಗೆ ಮೊಬೈಲ್ ಹಿಡಿದಳು. ಮೊಬೈಲ್ ಕಿರಿಚಿತು. ಮೋಡೆಮ್ಮೂ ಕಿರಿಚಿತು. ಆಮೇಲೆ ಸುಮ್ಮನಾಯಿತು. ಸ್ಕ್ರೀನಿನಲ್ಲಿ "ನೋ ಕ್ಯಾರಿಯರ್", ಅಂದರೆ ಸಂಪರ್ಕ ಸಿಗಲಿಲ್ಲ, ಎಂದು ಬಂತು.

ಮತ್ತೆ ಹಚ್ಚಿದಳು. ಮತ್ತೆ ಅದೇ.

"ಏನ್ ನಡಸೀದಿ?" ಕಾಕಾ ಚಹಾ ಹಿಡಿದು ಬಂದರು.

"ಅದೇ ಸಪ್ಪಳ ಹಚ್ಚೀನ್ರಿ. ಒಂದೀಟೂ ಬಿಟ್ಟಿಲ್ಲ. ಆದ್ರೂ ನನ್ನ ಹೆಸರು ಬರವಲ್ದು. ಮೋಡೆಮ್ ಕೆಟ್ಟದೇನು?"

ಕಾಕಾ ನಕ್ಕರು. "ಕೆಟ್ಟಿಲ್ಲ. ಆ ಸಪ್ಪಳ ಒಬ್ಬರದಲ್ಲವ್ವಾ, ಇಬ್ಬರದು. ಇದು 'ಇಷ್ಟ್ ಸ್ಪೀಡ್ ನಡೀತದೇನು?' ಅಂತದ. ಅದು ಕೇಳಿ 'ಸ್ವಲ್ಪ ಕಮ್ಮಿ ಮಾಡು' ಅಂತದ. ನಿನ್ನ ಮೊಬೈಲ್ ಏನ್ ಕೇಳಿಸ್ಕೋತದ? ಬರೇ ತನ್ನದೇ ಒದರ್ತದ. ಪಾಪ ಇದು ಕಾದು ಕಾದು ಬಂದ್ ಆಗ್ತದ. ಸಂಜಿಗಿ ಕುರಿಮರಿ ತಾಯಿ ಕಡಿ ಬಿಡೋದು ನೋಡಿಲ್ಲೇನು? ತಾಯಿ ಒದರ್ತದ, ಮರಿ ಬ್ಯಾ ಅಂತದ, ಮತ್ತ ತಾಯಿ ಒದರ್ತದ. ಅಷ್ಟು ಗದ್ದಲದಾಗ ಒಂದಕ್ಕೊಂದು ಹಂಗ ಸಿಗ್ತಾವ."

ಪೂನಮ ನೋಡಿದ್ದಳು. ಒದರದೆ ಮೂಲೆಯಲ್ಲಿ ನಿಂತ ಮರಿಗಾಗಿ ತಾಯಿ ಕುರಿ ಹಿಂಡೆಲ್ಲ ಸುತ್ತುವುದನ್ನೂ ನೋಡಿದ್ದಳು. ಅದು ದನಿ ಬಿದ್ದುಹೋದರೂ ಕರೆಯುತ್ತಲೇ ಇರುತ್ತದೆ. ನೆನೆಸಿಕೊಂಡು ಅವಳಿಗೆ ಅಳುವೇ ಬಂತು. ಚಹಾ ಹಾಗೇ ಆರಿತು.

ಹೊತ್ತು ಮುಳುಗುವಾಗ ಕಾಕಾನ ಫೋನ್ ರಿಂಗ್ ಆಯಿತು. ಈ ಸಲ ಅವರು ಅದನ್ನು ಪೂನಮಳ ಮುಂದೆ ಟೇಬಲ್ ಮೇಲೆ ಇಟ್ಟರು. ಪೂನಮಳೇ ಎತ್ತಿಕೊಂಡಳು.

"ಪೂನಮ? ಉಂಡೇನವ್ವಾ?"

ಮಾತು ಅದೇ. ಆದರೆ ಅದರ ಹಿಂದೆ ಕೆಮ್ಮು ಬಂತು. ರೆಕಾರ್ಡಿನಲ್ಲಿ ಕೆಮ್ಮು ಇರಲಿಲ್ಲ.

"ಉಂಡಿಲ್ಲ. ನೀ ಯಾಕ ಬರ್ಲಿಲ್ಲ? ನಂಗಿಲ್ಲಿ ಒಬ್ಬಾಕಿಗೇ ಬ್ಯಾಸರ ಆಗ್ತದ," ಎಂದಳು ಪೂನಮ. 

ಆ ಕಡೆ ಕುರಿಗಳು ಒದರುತ್ತಿದ್ದವು.

"ಬರಬೇಕಂತ ಅರಿವಿ ಗಂಟು ಕಟ್ಟಿದ್ದೆನವ್ವಾ..." ಮತ್ತೆ ಕೆಮ್ಮು.

"ಅವ್ವಾ, ನಿಂಗ ಕೆಮ್ಮು ಯಾವಾಗಿಂದ ಅದ?"

"ಏ, ನಂಗೇನ್ ಆಗ್ಯಾದ. ನಾ ಚಲೋ ಇದ್ದೀನಿ."

"ಸುಳ್ಳು. ಖರೇ ಹೇಳು."

ಅವ್ವ ಖರೇ ಹೇಳತೊಡಗಿದಳು. ರಾತ್ರಿಯ ಥಂಡಿ, ಬಯಲಿನಲ್ಲೇ ಮಲಗುವುದು, ಹಬ್ಬದ ದಿನ ಯಾರ ಜೊತೆಗೂ ಮಾತು ಬೇಡವೆನಿಸಿದ್ದು. ಪೂನಮ ಫೋನನ್ನು ಕಿವಿಗೆ ಒತ್ತಿ ಹಿಡಿದು, ನಡುನಡುವೆ ಗಟ್ಟಿಯಾಗಿ ಹೂಂಗುಟ್ಟಿದಳು. ಅಷ್ಟು ದೂರದಲ್ಲಿರುವ ಅವ್ವನಿಗೆ ಕೇಳಿಸಬೇಕಲ್ಲ.